ಯಾವ ಹಬ್ಬ ಕಳೆದ ಮೇಲೆ? ಒಂದು ಸೋಲಾರ್ ಕೊಟೇಶನ್ನಿನ ಪ್ರಕರಣ ಅಧ್ಯಯನ

“ಹಬ್ಬ ಕಳೆದ ಮೇಲೆ ನೋಡುವ.”

ನಮ್ಮ ಅಂಗಡಿಯ ಫಾಲೋಅಪ್ ಪುಸ್ತಕದಲ್ಲಿ 2024ರ ಸೆಪ್ಟೆಂಬರ್ 5ರ ಪುಟದಲ್ಲಿ ಇಷ್ಟೇ ಬರೆದಿದೆ. ಎದುರಿಗೆ ಅಂಗಡಿಯಲ್ಲಿ ಕೆಲಸಕ್ಕಿರುವ ನಮ್ಮ ಹುಡುಗಿ ಹಸಿರು ಪೆನ್ನಿನಲ್ಲಿ ಟಿಕ್ ಹಾಕಿದ್ದಾಳೆ. ಹಸಿರು ಎಂದರೆ ಗಿರಾಕಿ ಗಟ್ಟಿ ಎಂದರ್ಥ. ನವೆಂಬರ್ ಮೊದಲ ವಾರ ಅದೇ ಸಾಲನ್ನು ನಾನೇ ಕೆಂಪಿನಲ್ಲಿ ಹೊಡೆದು ಹಾಕಿದೆ. ನಡುವಿನ ಎರಡು ತಿಂಗಳಲ್ಲಿ ಆ ಮನೆಗೆ ನಮ್ಮ ಕಡೆಯಿಂದ ಐದು ಕರೆ, ಎರಡು ಸಂದೇಶ ಹೋಗಿದ್ದವು. ಯಾವುದರಲ್ಲೂ ಒಂದು ಒರಟು ಮಾತಿರಲಿಲ್ಲ. ಎಲ್ಲರೂ ‘ಸಾರ್’ ಎಂದೇ ಮಾತಾಡಿದ್ದರು. ಆದರೂ ವ್ಯಾಪಾರ ಕೆಟ್ಟಿತು, ಅದಕ್ಕಿಂತ ಹೆಚ್ಚಾಗಿ ಒಂದು ಮನೆಯ ಪರಿಚಯ ಕೆಟ್ಟಿತು. ಏಕೆ ಎಂದು ತಿಳಿಯಲು ಪುಸ್ತಕ ಮುಂದಿಟ್ಟುಕೊಂಡು ಒಂದೊಂದೇ ಕರೆಯನ್ನು ಬಿಡಿಸಿ ನೋಡಿದ್ದೇನೆ. ಗುರುತು ಸಿಗಬಾರದೆಂದು ಗಿರಾಕಿಯ ಹೆಸರು, ಮನೆಯ ಹೆಸರು ಬಿಟ್ಟಿದ್ದೇನೆ. ನಾವು ಯಾರ ಮಾಲು ಮಾರುತ್ತೇವೋ ಆ ಕಂಪೆನಿಯ ಹೆಸರೂ ಇಲ್ಲಿ ಬೇಡ. ತಪ್ಪಿನಲ್ಲಿ ಅವರದು ಅರ್ಧವಾದರೆ ನನ್ನದು ಅರ್ಧ.

ಮನೆ ಮತ್ತು ಮಾಲು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವಾಗ ಮಾರ್ಗದಿಂದ ಸ್ವಲ್ಪ ಒಳಗೆ ಇರುವ ಹವ್ಯಕರ ಮನೆ. ಹಂಚಿನ ಮಾಡು, ಮುಂದೆ ಅಡಿಕೆ ಒಣಗಿಸುವ ದೊಡ್ಡ ಅಂಗಳ, ಪಕ್ಕದಲ್ಲಿ ಶೀಟು ಹಾಕಿದ ಹಟ್ಟಿ. ಯಜಮಾನರಿಗೆ ಎಪ್ಪತ್ತರ ಹತ್ತಿರ. ಆಗಸ್ಟ್ ಕೊನೆಯ ವಾರ ಅವರೇ ಕೆಎಸ್‌ಇಬಿ (ಕೇರಳ ವಿದ್ಯುತ್ ಮಂಡಳಿ) ಬಿಲ್ಲು ಹಿಡಿದುಕೊಂಡು ಅಂಗಡಿಗೆ ಬಂದಿದ್ದರು. ನಮ್ಮಲ್ಲಿ ಮನೆಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದರಿಂದ ಮೊತ್ತ ಕಂಡಾಗ ಹೊಟ್ಟೆಯುರಿಯೂ ಎರಡು ತಿಂಗಳದ್ದು ಒಟ್ಟಿಗೇ ಆಗುತ್ತದೆ. ಸೋಲಾರ್ ಮಾರುವವರಿಗೆ ಅದೇ ಒಳ್ಳೆಯ ದಿನ. ಹೀಗಾಗಿ ಇವರು ನಾವು ಹುಡುಕಿ ಹಿಡಿದ ಗಿರಾಕಿಯಲ್ಲ, ತಾವಾಗಿ ಬಂದವರು.

ಮೂರು ಕಿಲೋವಾಟಿನ ಛಾವಣಿ ಸೋಲಾರಿಗೆ ಸೆಪ್ಟೆಂಬರ್ 2ರಂದು ಕೊಟೇಶನ್ ಕೊಟ್ಟೆವು. ಎರಡು ಲಕ್ಷದ ಆಸುಪಾಸು. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟಿಗೆ ₹78,000 ಸಬ್ಸಿಡಿ ಇದೆ, ಅದು ಗಿರಾಕಿಯ ಬ್ಯಾಂಕ್ ಖಾತೆಗೇ ಬರುತ್ತದೆ ಎಂದೂ ತಿಳಿಸಿದೆವು. ಯಜಮಾನರು ಕಾಗದವನ್ನು ಮಡಚಿ ಚಾವಡಿಯ ಪಂಚಾಂಗದ ಒಳಗಿಟ್ಟರು. ಈ ಮನೆಯ ದಿನಗಳು ಎಲ್ಲಿಂದ ಹೊರಡುತ್ತವೆ ಎಂಬುದು ನನಗೆ ಆಗಲೇ ಹೊಳೆಯಬೇಕಿತ್ತು.

ಏಳು ಬಾರಿ

ಸೆಪ್ಟೆಂಬರ್ 5, ಗುರುವಾರ. ಚೌತಿಗೆ ಎರಡು ದಿನ ಇತ್ತು. ನಮ್ಮ ಹುಡುಗಿ ಕರೆ ಮಾಡಿ “ನಮಸ್ಕಾರ, ಕೊಟೇಶನ್ ನೋಡಿದ್ರಾ?” ಎಂದು ಕೇಳಿದಳು. ಅವರು ಹೇಳಿದ್ದು ಹವ್ಯಕದಲ್ಲಿ: “ಹಬ್ಬ ಕಳುದ ಮೇಲೆ ನೋಡುವೊ.” ಅವಳು ಅದನ್ನು ಕನ್ನಡ ಮಾಡಿ ಬರೆದುಕೊಂಡಳು. ನಾನು ಎದುರಿಗೇ ಕೂತಿದ್ದೆ. ಯಾವ ಹಬ್ಬ ಎಂದು ನಾನೂ ಕೇಳಲಿಲ್ಲ, ಅವಳೂ ಕೇಳಲಿಲ್ಲ.

ಸೆಪ್ಟೆಂಬರ್ 9, ಸೋಮವಾರ, ಬೆಳಿಗ್ಗೆ ಒಂಬತ್ತೂ ಹತ್ತು. ಶನಿವಾರ ಚೌತಿ ಮುಗಿದಿತ್ತು, ಭಾನುವಾರ ಬಿಟ್ಟು ಅಂಗಡಿ ಬಾಗಿಲು ತೆರೆದ ಕೂಡಲೇ ಕರೆ. ಅವರು ನಕ್ಕರು. “ಇನ್ನೂ ಹಬ್ಬ ಕಳಿಲಿಲ್ಲ ಮಾರಾಯ್ತಿ.” ಅವಳೂ ನಕ್ಕು ಇಟ್ಟಳು. ಪುಸ್ತಕದಲ್ಲಿ ‘ಆಸಕ್ತಿ ಇದೆ, ಹಬ್ಬದ ನಂತರ ಎಂದು ಮುಂದೂಡಿದ್ದಾರೆ’ ಎಂದು ಬಿತ್ತು. ಅದೇ ಸಾಲು ಕಂಪೆನಿಯ ಆ್ಯಪಿಗೂ ಹೋಯಿತು.

ಸೆಪ್ಟೆಂಬರ್ 18, ಬುಧವಾರ. ಆ್ಯಪಿನಲ್ಲಿ ‘ಹಬ್ಬದ ನಂತರ’ ಎಂದಿದ್ದನ್ನು ಕೊಚ್ಚಿಯ ಕಾಲ್ ಸೆಂಟರಿನವರು ಓದಿದರು. ಅವರಿಗೆ ಸೆಪ್ಟೆಂಬರಿನ ಹಬ್ಬ ಎಂದರೆ ಒಂದೇ, ಓಣಂ. ಆ ವರ್ಷ ತಿರುವೋಣ 15ಕ್ಕೆ, ಮರುದಿನ ನಬಿದಿನ (ಈದ್ ಮಿಲಾದ್). ಎಲ್ಲ ಮುಗಿದ ಮೇಲೆ ಮರ್ಯಾದೆಯಿಂದ ಎರಡು ದಿನ ಬಿಟ್ಟು, ಮಧ್ಯಾಹ್ನ ಹನ್ನೆರಡಕ್ಕೆ ಮೊದಲು, ಮಲಯಾಳದಲ್ಲಿ ಕರೆ ಮಾಡಿದರು. ಅವರ ಲೆಕ್ಕದಲ್ಲಿ ಇದಕ್ಕಿಂತ ಶಿಷ್ಟವಾದ ಹೊತ್ತು ಇನ್ನೊಂದಿಲ್ಲ. ಆದರೆ ಆ ದಿನ ಮಹಾಲಯ ಪಕ್ಷದ ಪಾಡ್ಯ, ಯಜಮಾನರ ಅಪ್ಪನ ತಿಥಿ. ಮನೆಯಲ್ಲಿ ಶ್ರಾದ್ಧ ನಡೆಯುತ್ತಿತ್ತು. ಫೋನ್ ಎತ್ತಿದ್ದು ಓಣಂ ರಜೆಯಲ್ಲಿದ್ದ ಹುಡುಗ. ಅವನು “ಅಜ್ಜ ಬರ್ಲಿಕ್ಕೆ ಇಲ್ಲ” ಎಂದರೂ ಆ ಕಡೆಯವರು ‘ಒಂದೇ ನಿಮಿಷ’ ಎಂದು ಹಿಡಿದುಕೊಂಡೇ ಇದ್ದರಂತೆ. ಪಿಂಡದ ಎದುರು ಮಡಿಯಲ್ಲಿ ಕೂತವರ ಕಿವಿಗೆ ಸ್ಪೀಕರಿನಲ್ಲಿ ಸಬ್ಸಿಡಿಯ ವಿವರ.

ಸೆಪ್ಟೆಂಬರ್ 25. ಈ ಕರೆ ನನ್ನದು, ಮತ್ತು ಏಳರಲ್ಲಿ ನನಗೆ ಹೆಚ್ಚು ನಾಚಿಕೆಯಾಗುವುದು ಇದಕ್ಕೇ. ಕೊಚ್ಚಿಯವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಪಕ್ಷ ಅಕ್ಟೋಬರ್ 2ರ ಅಮಾವಾಸ್ಯೆಯವರೆಗೆ ಇದೆ, ಹೊಸ ಕೆಲಸಕ್ಕೆ ಇವರು ಕೈ ಹಾಕುವವರಲ್ಲ ಎಂದು ತಿಳಿದೂ ತಿಂಗಳ ಕೊನೆಯ ಟಾರ್ಗೆಟ್ ನೋಡಿ ಫೋನ್ ಮಾಡಿದೆ. “ಈಗ ಪಕ್ಷ ಅಲ್ವಾ” ಎಂದರು. ಅಷ್ಟೇ. ಮುಂಚಿನ ನಗು ಇರಲಿಲ್ಲ.

ಅಕ್ಟೋಬರ್ 11, ನವರಾತ್ರಿಯ ಕೊನೆ. ಕಂಪೆನಿಯಿಂದ ವಾಟ್ಸ್‌ಆ್ಯಪ್: ಪೂಜಾ ಆಫರ್, ಇಂದು ರಾತ್ರಿ 12ಕ್ಕೆ ಮುಕ್ತಾಯ, ಸಬ್ಸಿಡಿ ಕೈ ತಪ್ಪಿಸಿಕೊಳ್ಳಬೇಡಿ. ಸಬ್ಸಿಡಿ ಆ ರಾತ್ರಿ ಎಲ್ಲಿಗೂ ಓಡುವುದಿರಲಿಲ್ಲ. ಅದು ಕೇಂದ್ರ ಸರ್ಕಾರದ್ದು, ಕಂಪೆನಿಯದ್ದಲ್ಲ. ಯಜಮಾನರು ಸಂದೇಶವನ್ನು ಬೆಂಗಳೂರಿನಲ್ಲಿರುವ ಮಗನಿಗೆ ಕಳಿಸಿದರು. ಮಗ ಯೋಜನೆಯ ಪೋರ್ಟಲ್ ತೆರೆದು ನೋಡಿ, ಇದು ಸುಳ್ಳು ಎಂದ. ನಾವು ಮೊದಲ ದಿನ ನಿಜ ಹೇಳಿದ್ದ 78,000ದ ಮಾತಿನ ಮೇಲೂ ಆಗ ಅನುಮಾನ ಬಿತ್ತು.

ನವೆಂಬರ್ 1, ಶುಕ್ರವಾರ. ಬೆಳಿಗ್ಗೆ ‘ಕೇರಳ ಪಿರವಿ ಆಶಂಸಗಳ್’ (ಕೇರಳ ರಾಜ್ಯ ಹುಟ್ಟಿದ ದಿನದ ಶುಭಾಶಯ) ಎಂದು ಸಂದೇಶ, ಕೆಳಗೆ ಸೋಲಾರ್ ದರಪಟ್ಟಿ. ಅದೇ ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಕರೆ. ಎತ್ತಿದ್ದು ದೀಪಾವಳಿಗೆ ಬಂದಿದ್ದ ಮಗ. “ಈ ನಂಬರ್ ನಿಮ್ಮ ಪಟ್ಟಿಯಿಂದ ತೆಗೆಯಿರಿ” ಎಂದು ಇಟ್ಟುಬಿಟ್ಟ.

ಅಲ್ಲಿಗೆ ಏಳು ಮುಗಿಯಿತು.

ಜಗಲಿಯಲ್ಲಿ ತಿಳಿದದ್ದು

ನವೆಂಬರ್ 5ಕ್ಕೆ ನಾನು ಖುದ್ದು ಹೋದೆ. ವ್ಯಾಪಾರಕ್ಕಲ್ಲ, ತಪ್ಪಾಯಿತು ಎಂದು ಹೇಳಲಿಕ್ಕೆ. ಬಾಯಾರಿಕೆಗೆ ಕೊಟ್ಟರು, ಬೆಲ್ಲವೂ ಬಂತು. ಸಿಟ್ಟು ಎಷ್ಟಿದ್ದರೂ ಜಗಲಿ ಹತ್ತಿದವನಿಗೆ ನೀರು–ಬೆಲ್ಲ ತಪ್ಪಿಸುವ ಮನೆಗಳಲ್ಲ ಇವು. ಆಗ ಕೇಳಿದೆ, “ನೀವು ಅವತ್ತು ಹೇಳಿದ್ದು ಯಾವ ಹಬ್ಬ?”

“ದೀಪಾವಳಿ. ಮತ್ತೆಂತ? ಮಗ ಬರುವುದು ಆಗ ಅಲ್ವಾ.”

ಹಣ ಹಾಕುವವನು ಮಗ. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ರ ಗುರುವಾರ, ಮರುದಿನ ಕರ್ನಾಟಕದಲ್ಲಿ ರಾಜ್ಯೋತ್ಸವದ ರಜೆ, ಶನಿವಾರ ಬಲಿಪಾಡ್ಯ, ಮತ್ತೆ ಭಾನುವಾರ. ಬೆಂಗಳೂರಿನಲ್ಲಿ ಕೆಲಸ ಮಾಡುವವನಿಗೆ ಸಾಲು ನಾಲ್ಕು ದಿನ. ಮನೆಯ ದೊಡ್ಡ ಖರ್ಚಿನ ಮಾತೆಲ್ಲ ಆ ನಾಲ್ಕು ದಿನಕ್ಕೇ ಕಾದಿತ್ತು: ಬಾವಿ ಪಂಪು, ಅತ್ತಿಗೆಯ ಆಪರೇಶನ್, ಸೋಲಾರ್. ಸೆಪ್ಟೆಂಬರಿನ ಆ ಒಂದು ವಾಕ್ಯದಲ್ಲಿ ಇಷ್ಟೆಲ್ಲ ಅಡಗಿತ್ತು. ಹುಡುಗಿಗೆ ಅದು ಚೌತಿಯಾಗಿ ಕೇಳಿಸಿತು, ಕೊಚ್ಚಿಗೆ ಓಣಂ ಆಗಿ.

ಇನ್ನೊಂದು ಸಂಗತಿಯೂ ಜಗಲಿಯಲ್ಲೇ ಹೊರಬಿತ್ತು. ನಾವು ಪ್ಯಾನೆಲ್ ನಿಲ್ಲಿಸಲು ಗುರುತು ಮಾಡಿದ್ದ ಜಾಗದಿಂದ ಮಧ್ಯಾಹ್ನದ ಮೇಲೆ ಅಂಗಳಕ್ಕೆ ನೆರಳು ಬೀಳುತ್ತದೆ ಎಂಬುದು ಅವರ ಚಿಂತೆ. ಚಾಲಿ ಅಡಿಕೆ ಸರಿಯಾಗಿ ಒಣಗಲು ನಲವತ್ತು–ನಲವತ್ತೈದು ದಿನದ ಬಿಸಿಲು ಬೇಕು. ನೆರಳಾದ ಮೂಲೆಯ ಅಡಿಕೆ ಬೂಸ್ಟು ಹಿಡಿದರೆ ದರ ಇಳಿಯುತ್ತದೆ. ಐದು ಕರೆಗಳಲ್ಲಿ ‘ತೀರ್ಮಾನ ಆಯ್ತಾ’ ಎಂದು ಐದು ಬಾರಿ ಕೇಳಿದ್ದೇವೆ, ‘ಅಡ್ಡಿ ಎಂತದು’ ಎಂದು ಒಮ್ಮೆಯೂ ಕೇಳಿಲ್ಲ.

ಕೆಲಸ ಹೋದದ್ದು ಇನ್ನೊಂದು ಏಜೆನ್ಸಿಗೆ. ಅವರ ಹುಡುಗ ಅಕ್ಟೋಬರ್ ಕೊನೆಯಲ್ಲಿ ಒಮ್ಮೆ ಬಂದವನು, ಮಗ ಯಾವಾಗ ಬರುತ್ತಾರೆ ಎಂದು ಕೇಳಿಕೊಂಡ. ಪ್ಯಾನೆಲನ್ನು ಹಟ್ಟಿಯ ಮಾಡಿಗೆ ಬದಲಿಸಿ ಒಂದೇ ಹಾಳೆಯ ಲೆಕ್ಕ ಬರೆದು ಕೊಟ್ಟು ಹೋದ. ಹಬ್ಬದಲ್ಲಿ ಸೊಲ್ಲೆತ್ತಲಿಲ್ಲ. ನವೆಂಬರ್ 4ರ ಸೋಮವಾರ ಸಂಜೆ ಮಗನಿಗೇ ಫೋನ್ ಮಾಡಿದ. ನಮ್ಮ ಏಳಕ್ಕೆ ಅವನ ಒಂದು.

ಎಲ್ಲೆಲ್ಲಿ ಎಡವಿದ್ದು

ಈ ನಾಡಿನಲ್ಲಿ ಕ್ಯಾಲೆಂಡರ್ ಒಂದಲ್ಲ. ಹೊಸ ವರ್ಷವೇ ಮೂರು ಬಾರಿ ಬರುತ್ತದೆ. 2024ರಲ್ಲಿ ಚಾಂದ್ರಮಾನ ಯುಗಾದಿ ಏಪ್ರಿಲ್ 9ಕ್ಕೆ. ಬೆಂಗಳೂರಿನ ಕಂಪೆನಿಗಳ ಶುಭಾಶಯ ಅವತ್ತು ಬರುತ್ತದೆ. ನಮ್ಮಲ್ಲಿ ಕಣಿ ಇಟ್ಟು ಹಿರಿಯರ ಕಾಲು ಹಿಡಿಯುವುದು ಆಮೇಲಿನ ಬಿಸುವಿಗೆ, ಅಂದರೆ ಸೌರಮಾನ ಯುಗಾದಿಗೆ. ಆಗಸ್ಟ್ 17ಕ್ಕೆ ಮಲಯಾಳಿಗಳ ಚಿಂಙ ತಿಂಗಳ ಒಂದು, ಕೊಲ್ಲವರ್ಷ 1200 ಹುಟ್ಟಿತು. ತುಳುವರಿಗೆ ಅದು ಸೋಣ ತಿಂಗಳ ಶುರು ಮಾತ್ರ. ಹಾಗೆಂದು ಓಣಂ ನಮ್ಮದಲ್ಲ ಎನ್ನಲೂ ಆಗುವುದಿಲ್ಲ. ಶಾಲೆಯಲ್ಲಿ ಪೂಕಳ (ಹೂವಿನ ರಂಗೋಲಿ) ಹಾಕುವುದು ನಮ್ಮ ಮಕ್ಕಳೇ, ಬೋನಸ್ ಬರುವುದೂ ಆಗಲೇ. ಗೌರ್ಮೆಂಟು ನೌಕರರ ಮನೆಗೆ ಓಣಂ ಕಳೆದ ವಾರ ಕರೆ ಮಾಡುವುದು ಸರಿಯೇ. ಅದೇ ವಾರ ಪಕ್ಕದ ವೈದಿಕರ ಮನೆಗೆ ತಪ್ಪು. ಒಂದೇ ಪಂಚಾಯತಿನ ಒಂದೇ ವಾರ್ಡಿನಲ್ಲಿ ಹೀಗೆ.

ನವೆಂಬರ್ 1ರ ಸಂದೇಶದ ಬಗ್ಗೆ ಸ್ವಲ್ಪ ನಿಲ್ಲಬೇಕು. ಕಳಿಸಿದವರಿಗೆ ಅದು ನಿರುಪದ್ರವಿ ಶುಭಾಶಯ. 1956ರ ಅದೇ ದಿನ ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಬರಬೇಕೆಂದು ಗಡಿ ವಿವಾದದ ಮಹಾಜನ್ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಅದು ಕಡತದಲ್ಲೇ ಉಳಿಯಿತು. ಈಗಿನ ಮಕ್ಕಳಿಗೆ ಇದು ಪಾಠದ ವಿಷಯವೂ ಅಲ್ಲ, ಅವರು ಎರಡೂ ಭಾಷೆಯಲ್ಲಿ ಆರಾಮಾಗಿದ್ದಾರೆ. ಎಪ್ಪತ್ತರ ಕನ್ನಡಿಗರಿಗೆ ಹಾಗಲ್ಲ. ಅವರು ಜಗಳ ಆಡುವವರಲ್ಲ, ಕೇರಳದ ಪಿಂಚಣಿ, ಕೇರಳದ ರೇಷನ್ ಎಲ್ಲ ಪಡೆದೇ ಬದುಕುವವರು. ಆದರೆ ಆ ದಿನ ಆ ಹೆಸರಿನಲ್ಲಿ ಮಾಲು ಮಾರಲು ಬಂದರೆ ಮುಖ ತಿರುಗಿಸುತ್ತಾರೆ. ನಾನು ಕಂಪೆನಿಗೆ ಇದನ್ನು ಬರೆದಾಗ ‘ರೀಜನ್ ಸೆಟ್ಟಿಂಗ್‌ನಲ್ಲಿ ಕಾಸರಗೋಡು ಕೇರಳದಲ್ಲೇ ಇದೆ’ ಎಂದು ಉತ್ತರ ಬಂತು. ಸೆಟ್ಟಿಂಗ್ ಸರಿಯೇ ಇದೆ, ಅದನ್ನು ನಾನು ಅಲ್ಲಗಳೆಯಲಿಲ್ಲ.

ಇನ್ನು ‘ನೋಡುವ’ ಎಂಬ ಶಬ್ದ. ನಮ್ಮ ಕಡೆ ಇದು ಹೌದೂ ಅಲ್ಲ, ಇಲ್ಲವೂ ಅಲ್ಲ. ಮುಖದ ಮೇಲೆ ಬೇಡ ಎನ್ನಲು ಸಂಕೋಚವಾದಾಗಲೂ ‘ನೋಡುವ’, ನಿಜವಾಗಿ ಬೇಕಾಗಿ ಸಮಯ ಕೇಳುವಾಗಲೂ ‘ನೋಡುವ’. ಎರಡನ್ನೂ ಬೇರ್ಪಡಿಸುವುದು ಅದರ ಹಿಂದಿನ ಮಾತು. ಬರೀ ‘ನೋಡುವ’ ಎಂದರೆ ಬಹುಮಟ್ಟಿಗೆ ಬೇಡ. ‘ಇಂಥದು ಕಳೆದ ಮೇಲೆ ನೋಡುವ’ ಎಂದರೆ ಅವರು ಒಂದು ದಿನ ಕೊಟ್ಟಿದ್ದಾರೆ, ಅದನ್ನು ಬಿಡಿಸಿ ಕೇಳಿಕೊಳ್ಳುವುದು ನಮ್ಮ ಕೆಲಸ. “ದೀಪಾವಳಿಯಾ, ಚೌತಿಯಾ?” ಎಂದು ಕೇಳಿದ್ದರೆ ಐದು ಸೆಕೆಂಡು.

ಕಾನೂನಿನ ಮಾತೂ ಇದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮದ ಪ್ರಕಾರ ಮಾರಾಟದ ಕರೆ ಬೇಡದವರು 1909 ಎಂಬ ನಂಬರಿನಲ್ಲಿ ನೋಂದಾಯಿಸಬಹುದು. ಯಾವ ಹೊತ್ತು, ಯಾವ ದಿನ ಬೇಡ ಎಂದೂ ಆಯ್ಕೆ ಮಾಡಬಹುದು, ಅದರಲ್ಲಿ ಸಾರ್ವಜನಿಕ ರಜಾದಿನ ಎಂಬುದೂ ಒಂದು. ಪ್ರಚಾರದ ಕರೆಗೆ 140ರಿಂದ ಶುರುವಾಗುವ ಸಂಖ್ಯೆ ಇರಬೇಕು, ಸಾಮಾನ್ಯ ಮೊಬೈಲಿನಿಂದ ಮಾಡಿದರೆ ದೂರು ಕೊಡಬಹುದು. ಮೊದಲೆಲ್ಲ ದೂರು ಕೊಡಲು ಕರೆ ಬಂದ ಮೇಲೆ ಮೂರು ದಿನದ ಗಡುವಿತ್ತು, 2025ರ ಫೆಬ್ರವರಿಯ ತಿದ್ದುಪಡಿಯಲ್ಲಿ ಏಳು ದಿನ ಮಾಡಿದ್ದಾರೆ. ವ್ಯಾಪಾರ ಮಾಡುವವ ಇಷ್ಟು ತಿಳಿದಿರಲೇಬೇಕು. ಆದರೆ ಮಹಾಲಯ ಪಕ್ಷದ ಹದಿನೈದೂ ದಿನ, ಯಾರದೋ ಅಪ್ಪನ ತಿಥಿ ಇವೆಲ್ಲ ಯಾವ ಸರ್ಕಾರದ ರಜಾಪಟ್ಟಿಯಲ್ಲಿ ಸಿಗುತ್ತವೆ?

ಮೌನವೇ ಮರ್ಯಾದೆ ಎಂದುಕೊಂಡರೆ ಅದೂ ತಪ್ಪು. ಅದೇ ನವರಾತ್ರಿಯಲ್ಲಿ ಕುಂಬಳೆಯ ಒಂದು ಮರದ ಮಿಲ್ಲಿನವರು ನನ್ನ ಮೇಲೆ ರೇಗಿದ್ದರು, ನಾನು ಕರೆ ಮಾಡಲಿಲ್ಲವೆಂದು! ಅವರಿಗೆ ಹೊಸ ಇನ್ವರ್ಟರನ್ನು ಆಯುಧ ಪೂಜೆಗೆ ಇಡಬೇಕಿತ್ತು. ಪೂಜೆಗಿಟ್ಟ ಮೇಲೆ ವಿಜಯದಶಮಿಯವರೆಗೆ ಯಂತ್ರ, ಹತ್ಯಾರು ಮುಟ್ಟುವ ಹಾಗಿಲ್ಲ. ಆದ್ದರಿಂದ ಮಾಲು ಅದಕ್ಕೆ ಮೊದಲೇ ಬರಬೇಕು. ಹತ್ತು ದಿನ ಮುಂಚೆ ‘ಪೂಜೆಗೆ ಬೇಕಾ?’ ಎಂದು ಕೇಳುವ ಕರೆ ಅವರಿಗೆ ಉಪದ್ರವಲ್ಲ, ಉಪಕಾರ.

ಪುಸ್ತಕದಲ್ಲಿ ಆದ ಬದಲು

ನಮ್ಮ ಪುಸ್ತಕಕ್ಕೆ ಎರಡು ಕಾಲಂ ಸೇರಿಸಿದೆವು. ಒಂದು, ‘ಯಾವ ಹಬ್ಬ, ಅವರ ಬಾಯಿಂದಲೇ’. ಇನ್ನೊಂದು, ‘ಯಾರು ಬರಬೇಕು’. ಎರಡನೆಯದನ್ನು ಹುಡುಗಿಯೇ ಸೂಚಿಸಿದ್ದು. ಅವಳ ಮನೆಯಲ್ಲೂ ಫ್ರಿಜ್ ಬಂದದ್ದು ಮುಂಬಯಿಯ ಮಾಮ ಕೋಲಕ್ಕೆ ಊರಿಗೆ ಬಂದಾಗಲಂತೆ. ಈ ಗಡಿನಾಡಿನಲ್ಲಿ ಬೆಂಗಳೂರು, ಮುಂಬಯಿ, ಗಲ್ಫ್‌ನಲ್ಲಿ ಒಬ್ಬರಾದರೂ ಇಲ್ಲದ ಮನೆ ಕಡಿಮೆ. ರಜೆಯಲ್ಲಿ ಅವರು ಬಂದಾಗ ಮನೆಯಲ್ಲಿ ಮಾತು ನಡೆಯುತ್ತದೆ. ಆ ಮಾತಿನ ನಡುವೆ ನಮ್ಮ ಫೋನ್ ಬಡಿದುಕೊಳ್ಳಬಾರದು, ನಮ್ಮ ಕಾಗದ ಮೇಜಿನ ಮೇಲೆ ಇರಬೇಕು. ಹಾಗಾಗಿ ಈಗ ಹಬ್ಬಕ್ಕೆ ನಾಲ್ಕೈದು ದಿನ ಮೊದಲು ಒಂದೇ ಹಾಳೆಯ ಲೆಕ್ಕ ಮನೆಗೆ ತಲುಪಿಸಿ ಬಾಯಿ ಮುಚ್ಚಿಕೊಳ್ಳುತ್ತೇವೆ.

ಹೊತ್ತಿನ ವಿಷಯವನ್ನೂ ತಿದ್ದಿಕೊಂಡೆವು. ಕೃಷಿಕರ ಮನೆಗೆ ಬೆಳಿಗ್ಗೆ ಒಂಬತ್ತಕ್ಕೆ ಕರೆ ಮಾಡುವುದು ದಡ್ಡತನ. ಹಾಲು ಸೊಸೈಟಿಗೆ ಹೋಗಬೇಕು, ದೇವರ ಪೂಜೆ ಆಗಬೇಕು, ಆಳುಗಳಿಗೆ ಕೆಲಸ ಹೇಳಬೇಕು. ಹತ್ತೂವರೆಯ ಚಾ ಕಳೆದ ಮೇಲೆ ಸರಿ, ಊಟದ ನಂತರ ಮೂರೂವರೆಯವರೆಗೆ ಬೇಡ. ಶುಕ್ರವಾರ ಮಧ್ಯಾಹ್ನ ಮುಸಲ್ಮಾನರ ಮನೆಗಿಲ್ಲ, ರಂಜಾನಿನಲ್ಲಿ ಅಸರ್ ಬಾಂಗಿನ (ಸಂಜೆಗೆ ಮುಂಚಿನ ನಮಾಜಿನ ಕೂಗು) ಮೇಲೆ ಯಾವ ಕರೆಯೂ ಇಲ್ಲ. ಶುಭಾಶಯಕ್ಕೆ ದರಪಟ್ಟಿ ಅಂಟಿಸುವುದನ್ನು ಪೂರಾ ನಿಲ್ಲಿಸಿದೆವು. ಕಂಪೆನಿ ನಿಲ್ಲಿಸಿಲ್ಲ. ನಮ್ಮ ಗಿರಾಕಿಗಳ ನಂಬರನ್ನು ಆ್ಯಪಿಗೆ ಹಾಕುವಾಗ ‘ಸಂಪರ್ಕ ಡೀಲರ್ ಮೂಲಕ ಮಾತ್ರ’ ಎಂದು ಗುರುತು ಹಾಕಲು ಕೊನೆಗೂ ಒಪ್ಪಿಸಿದೆ, ಅದಕ್ಕೆ ಮೂರು ತಿಂಗಳು ಹಿಡಿಯಿತು.

ಇದರಿಂದ ವ್ಯಾಪಾರ ಹೆಚ್ಚಿತಾ ಎಂದು ಕೇಳುವವರಿದ್ದಾರೆ. ಒಂದು ವರ್ಷದ ಪುಸ್ತಕದಿಂದ ಅಂಥ ಲೆಕ್ಕ ತೆಗೆದರೆ ನಾನೇ ನಂಬಲಾರೆ. ಕರೆಗಳು ಕಡಿಮೆಯಾದವು, ಅದು ಖಂಡಿತ. ಪೆರ್ಲದ ಮನೆಯವರು ಮಾತ್ರ ಮತ್ತೆ ಅಂಗಡಿಗೆ ಬಂದಿಲ್ಲ. ದಾರಿಯಲ್ಲಿ ಸಿಕ್ಕಿದರೆ ಜೀಪಿನಿಂದಲೇ ಕೈ ಎತ್ತುತ್ತಾರೆ.

ರಂಜಾನಿನಲ್ಲಿ, 2025ರ ಮಾರ್ಚಿನಲ್ಲಿ, ಉಪ್ಪಳದ ಕಡೆಯ ಒಂದು ಮನೆಗೆ ಕೊಟೇಶನ್ ಕೊಟ್ಟಿದ್ದೆವು. ಹುಡುಗಿ ಬೆಳಿಗ್ಗೆ ಹನ್ನೊಂದಕ್ಕೆ ಕರೆ ಮಾಡಿದಾಗ, ಪೆರ್ನಾಳ್ (ಈದ್) ಕಳೆಯಲಿ, ಆಮೇಲೆ ನೋಡುವ ಎಂದರು. ಅವಳು ತಕ್ಷಣ ಕೇಳಿದಳು:

“ಚೆರಿಯ ಪೆರ್ನಾಳೋ, ಬಲಿಯ ಪೆರ್ನಾಳೋ?”

ಆ ಕಡೆಯವರು ನಕ್ಕದ್ದು ನನಗೂ ಕೇಳಿಸಿತು. ಬಲಿಯದು, ಅಂದರೆ ದೊಡ್ಡದು, ಬಕ್ರೀದ್; ಅಣ್ಣ ದುಬೈಯಿಂದ ಬರುವುದು ಆಗ ಎಂದರು. ಅವಳು ಪುಟ ಮಗುಚಿ ಜೂನ್ 9, ಸೋಮವಾರ, ಸಂಜೆ ನಾಲ್ಕೂವರೆ ಎಂದು ಬರೆದಳು. ಪೆನ್ನಿನಲ್ಲಲ್ಲ, ಪೆನ್ಸಿಲಿನಲ್ಲಿ. ಏಕೆ ಎಂದು ಕೇಳಿದೆ.

“ಚಂದ್ರ ಕಾಣ್ಬೇಕಲ್ಲ ಅಣ್ಣ” ಎಂದಳು.